ನಾಳೆ ಏನೆಂದು ಗೊತ್ತಿಲ್ಲದಾಗ ಇವತ್ತು ಗಟ್ಟಿಯಾಗಿ ನಿಲ್ಲುವುದು ಹೇಗೆ?

ಪ್ರಶ್ನೆ: ಕಳೆದ ಒಂದೂವರೆ ವರ್ಷದಲ್ಲಿ ನಮ್ಮ ಕಚೇರಿಯ ವಿಭಾಗಗಳನ್ನು ಮೂರು ಸಲ ಒಡೆದು ಮತ್ತೆ ಕಟ್ಟಿದ್ದಾರೆ. ನಾನು 15 ವರ್ಷ ಮಾಡಿ ಕಲಿತ ಕೆಲಸದಲ್ಲಿ ಅರ್ಧವನ್ನು ಈಗ ಹೊಸ ಸಾಫ್ಟ್‌ವೇರ್ ಮಾಡುತ್ತಿದೆ. ಉಳಿದರ್ಧ ಎಷ್ಟು ದಿನ ಇರುತ್ತದೋ ಯಾರೂ ಬಾಯಿ ಬಿಡುತ್ತಿಲ್ಲ. ಇದರ ನಡುವೆ ಮನೆಯಲ್ಲಿ ಹಿರಿಯರ ಆರೋಗ್ಯ ಕೆಟ್ಟಿದೆ. ರಾತ್ರಿ 3 ಗಂಟೆಗೆ ಎಚ್ಚರವಾದರೆ ಬೆಳಗಾಗುವವರೆಗೆ ಅದೇ ಲೆಕ್ಕಾಚಾರ. ಎಲ್ಲರೂ ‘ಬದಲಾವಣೆಗೆ ಹೊಂದಿಕೊಳ್ಳಿ’ ಎನ್ನುತ್ತಾರೆ. ವಾರಕ್ಕೊಂದು ರೂಪ ತಾಳುವುದಕ್ಕೆ ಹೊಂದಿಕೊಳ್ಳುವುದಾದರೂ ಹೇಗೆ? ಮನೆಯವರ ಮುಂದೆ ಎಲ್ಲ ಸರಿಯಿದೆ ಎಂದು ತೋರಿಸಿಕೊಳ್ಳುತ್ತಿದ್ದೇನೆ. ಹಾಗೆ ಮಾಡುವುದು ಸರಿಯೇ?

ಉತ್ತರ: ‘ಹೊಂದಿಕೊಳ್ಳಿ’ ಎನ್ನುವ ಸಲಹೆ ನಿಮಗೆ ನಾಟದಿರುವುದು ಸಹಜ. ಹೊಂದಿಕೊಳ್ಳಬೇಕಾದರೆ ಎದುರಿಗಿರುವುದು ಸ್ವಲ್ಪ ಕಾಲವಾದರೂ ಒಂದೆಡೆ ನಿಲ್ಲಬೇಕು. ಕೆಲಸ ಹೋಗಿಯೇ ಬಿಟ್ಟಿದ್ದರೆ ನೀವು ಇಷ್ಟರಲ್ಲಿ ಮುಂದಿನ ದಾರಿ ಹುಡುಕಿಕೊಂಡು ಓಡಾಡುತ್ತಿರುತ್ತಿದ್ದಿರಿ. ಹೋಗುತ್ತದೋ ಉಳಿಯುತ್ತದೋ ತಿಳಿಯದೆ ಕಾಯುವುದು ಬೇರೆಯೇ ಬಗೆಯ ದಣಿವು, ಅದಕ್ಕೆ ಮದ್ದೂ ಬೇರೆ.

ಇದನ್ನು ಅಳೆದು ನೋಡಿದ ಪ್ರಯೋಗವೊಂದಿದೆ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ತೆರೆಯ ಮೇಲಿನ ಬಂಡೆಯ ಅಡಿಯಲ್ಲಿ ಹಾವು ಇದೆಯೋ ಇಲ್ಲವೋ ಊಹಿಸಲು ಹೇಳಿದರು. ಹಾವು ಇದ್ದರೆ ಕೈಗೆ ನೋಯುವಂಥ ವಿದ್ಯುತ್ ಶಾಕ್. ಬೆವರು, ಕಣ್ಣಪಾಪೆಯ ಹಿಗ್ಗುವಿಕೆ, ಅವರೇ ಹೇಳಿಕೊಂಡ ಒತ್ತಡ, ಈ ಮೂರನ್ನೂ ದಾಖಲಿಸಿದರು. ಶಾಕ್ ಖಂಡಿತ ಎಂದು ತಿಳಿದಿದ್ದಾಗಿನ ಒತ್ತಡಕ್ಕಿಂತ, ಹೊಡೆದರೂ ಹೊಡೆಯಬಹುದು ಬಿಟ್ಟರೂ ಬಿಡಬಹುದು ಎಂಬ ಐವತ್ತು-ಐವತ್ತರ ಸ್ಥಿತಿಯಲ್ಲಿನ ಒತ್ತಡವೇ ಹೆಚ್ಚಾಗಿತ್ತು. ತಲೆಯ ಮೇಲೆ ತೂಗುವ ಕತ್ತಿ ಎಂದು ನಮ್ಮವರು ಹೇಳುವುದು ಇದನ್ನೇ.

ಅಪಾಯ ಖಚಿತವಾದರೆ ದೇಹ ಅದನ್ನು ಎದುರಿಸಿ, ಮುಗಿದ ಮೇಲೆ ಸುಧಾರಿಸಿಕೊಳ್ಳುತ್ತದೆ. ಖಚಿತವಾಗದಿದ್ದರೆ ಸಜ್ಜಾಗಿ ನಿಂತೇ ಇರುತ್ತದೆ. ಬಾಗಿಲಲ್ಲಿ ಯಾರೋ ನಿಂತಿದ್ದಾರೆಂದು ರಾತ್ರಿಯಿಡೀ ಕಿವಿ ನಿಮಿರಿಸಿಕೊಂಡು ಕೂತ ಹಾಗೆ. ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ತುರ್ತಿಗೆ ಒಳ್ಳೆಯವು. ತಿಂಗಳುಗಟ್ಟಲೆ ಏರಿದ್ದರೆ ನಿದ್ದೆ, ರಕ್ತದೊತ್ತಡ, ಜೀರ್ಣಶಕ್ತಿ, ನೆನಪು ಎಲ್ಲವನ್ನೂ ಸವೆಸುತ್ತವೆ. ನರವಿಜ್ಞಾನಿ ಬ್ರೂಸ್ ಮೆಕ್‌ಯೂವನ್ ಮತ್ತು ಎಲಿಯಟ್ ಸ್ಟೆಲರ್ 1993ರಲ್ಲಿ ಈ ಕೂಡಿಬಿದ್ದ ಸವೆತಕ್ಕೇ ಒಂದು ಹೆಸರು ಕೊಟ್ಟು ವಿವರಿಸಿದರು. ಹಾಗಾಗಿ ನಿಮ್ಮ ದಣಿವನ್ನು ಮನಸ್ಸಿನ ದೌರ್ಬಲ್ಯ ಎಂದು ದಯವಿಟ್ಟು ಲೆಕ್ಕ ಹಾಕಬೇಡಿ. ಹೊರಗಿನ ಅನಿಶ್ಚಿತತೆಯನ್ನು ತೆಗೆಯುವುದು ನಿಮ್ಮ ಕೈಯಲ್ಲಿಲ್ಲ. ಆದರೆ ದಿನದಲ್ಲಿ ಖಚಿತವಾದ ಕೆಲವು ಸಂಗತಿಗಳನ್ನು ನಿಮ್ಮ ಕೈಯಾರೆ ನೆಡಬಹುದು. ಮುಂದೆ ಬರೆಯುವುದೆಲ್ಲ ಆ ಕೆಲಸದ ವಿವರ.

ಮೊದಲು, ಸುದ್ದಿಯ ನಲ್ಲಿ

ಗೊತ್ತಿಲ್ಲದಾಗ ಎಲ್ಲರೂ ಮಾಡುವ ತಪ್ಪು ಒಂದೇ: ಇನ್ನಷ್ಟು ತಿಳಿದುಕೊಳ್ಳಲು ಹೊರಡುವುದು. ಕಚೇರಿಯ ವಾಟ್ಸಾಪ್ ಗುಂಪು, ಸಹೋದ್ಯೋಗಿಯ ಪಿಸುಮಾತು, ‘ಇಂಥ ಕೆಲಸಗಳು ಇನ್ನಿರುವುದಿಲ್ಲ’ ಎಂಬ ವಿಡಿಯೋಗಳು. ಪ್ರತಿ ಸಲ ನೋಡಿದಾಗಲೂ ಒಂದು ಕ್ಷಣ ಹಿಡಿತ ಸಿಕ್ಕಂತೆ ಅನ್ನಿಸುತ್ತದೆ, ಅದಕ್ಕೇ ಕೈ ಮತ್ತೆ ಫೋನಿಗೆ ಹೋಗುತ್ತದೆ. 2013ರಲ್ಲಿ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರದ ವಾರಗಳಲ್ಲಿ ನಡೆದ ಅಧ್ಯಯನದಲ್ಲಿ, ಆ ವಾರ ದಿನಕ್ಕೆ 6 ಗಂಟೆ ಅಥವಾ ಹೆಚ್ಚು ಹೊತ್ತು ಅದರ ಸುದ್ದಿಯಲ್ಲೇ ಮುಳುಗಿದ್ದವರ ತೀವ್ರ ಒತ್ತಡದ ಲಕ್ಷಣಗಳು ಸ್ಫೋಟದ ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚಿದ್ದವು. ಇದರಿಂದ ಸುದ್ದಿಯೇ ಕಾರಣ ಎಂದು ಪೂರ್ತಿ ಸಾಬೀತಾಗುವುದಿಲ್ಲ, ಮೊದಲೇ ಕಳವಳಗೊಂಡವರು ಹೆಚ್ಚು ನೋಡಿರಲೂಬಹುದು. ಆದರೆ ನೋಡಿದ್ದರಿಂದ ಅವರಿಗೆ ಸಮಾಧಾನವಂತೂ ಸಿಗಲಿಲ್ಲ.

ದಿನಕ್ಕೆ ಎರಡು ಹೊತ್ತು ಗೊತ್ತುಮಾಡಿಕೊಳ್ಳಿ, ತಲಾ 15 ನಿಮಿಷ. ಒಂದು ಮಧ್ಯಾಹ್ನದ ಸುಮಾರಿಗೆ, ಇನ್ನೊಂದು ಸಂಜೆ ಕೆಲಸ ಮುಗಿದ ಮೇಲೆ. ಎದ್ದ ಮೊದಲ ಅರ್ಧ ಗಂಟೆ ಮತ್ತು ಮಲಗುವ ಮುಂಚಿನ ಒಂದು ಗಂಟೆ ಸುದ್ದಿ ಬೇಡವೇ ಬೇಡ. ಗುಂಪುಗಳ ನೋಟಿಫಿಕೇಶನ್ ಆರಿಸಿ. ‘ನನಗೇ ಸಂಬಂಧಿಸಿದ್ದು ಬಂದರೆ ಫೋನ್ ಮಾಡು’ ಎಂದು ನಂಬಿಕೆಯ ಒಬ್ಬ ಸಹೋದ್ಯೋಗಿಗೆ ಹೇಳಿಡಿ. ಏನೋ ತಪ್ಪಿಹೋಗುತ್ತದೆ ಎಂಬ ಭಯಕ್ಕೆ ಈ ಒಂದು ಏರ್ಪಾಡು ಸಾಕಾಗುತ್ತದೆ. ಯಾವುದೇ ಸುದ್ದಿ ಕಿವಿಗೆ ಬಿದ್ದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ನಿಜವಾದರೆ ನಾಳೆ ಬೆಳಿಗ್ಗೆ ನಾನು ಬೇರೆ ಏನಾದರೂ ಮಾಡುತ್ತೇನೆಯೇ? ‘ಇಲ್ಲ’ ಎಂದಾದರೆ ಅದನ್ನು ಅಲ್ಲಿಗೇ ಬಿಡಿ.

ಎರಡನೆಯದು, ರಾತ್ರಿ 3 ಗಂಟೆ

ಎಲ್ಲ ಸರಿಯಾದ ಮೇಲೆ ನಿದ್ದೆ ತಾನಾಗಿ ಬರುತ್ತದೆ ಎಂದು ಕಾಯುತ್ತ ಕೂರಬೇಡಿ. ಮೊದಲು ನಿದ್ದೆಯನ್ನು ಕಟ್ಟಿಕೊಳ್ಳಿ, ಉಳಿದ ಲೆಕ್ಕಾಚಾರಕ್ಕೆ ಬೇಕಾದ ತಲೆ ಅದರಿಂದಲೇ ಸಿಗುತ್ತದೆ.

3 ಗಂಟೆಯ ಹೊತ್ತಿಗೆ ಎಚ್ಚರವಾಗುವುದಕ್ಕೆ ಕಾರಣವಿದೆ. ಗಾಢ ನಿದ್ದೆಯ ಪಾಲು ಬಹುಮಟ್ಟಿಗೆ ರಾತ್ರಿಯ ಮೊದಲರ್ಧದಲ್ಲೇ ಮುಗಿದಿರುತ್ತದೆ. ಆಮೇಲಿನದು ತೆಳು ನಿದ್ದೆ, ಕನಸಿನ ನಿದ್ದೆ. ಬೆಳಗಿನ ಏಳುವಿಕೆಗೆ ಅಣಿಯಾಗುತ್ತ ಕಾರ್ಟಿಸಾಲ್ ಕೂಡ ಆಗಲೇ ನಿಧಾನಕ್ಕೆ ಏರತೊಡಗುತ್ತದೆ. ಆ ಹೊತ್ತಿನಲ್ಲಿ ಮಗ್ಗುಲು ಬದಲಿಸುವಾಗ ಅರೆ ಎಚ್ಚರವಾಗುವುದು ಎಲ್ಲರಿಗೂ ಇದೆ. ನೆಮ್ಮದಿಯ ಕಾಲದಲ್ಲಿ ಅದು ನೆನಪಿನಲ್ಲೂ ಉಳಿಯುವುದಿಲ್ಲ. ಈಗ ಆ ಸಣ್ಣ ಬಿರುಕಿನಲ್ಲಿ ಕಚೇರಿ ನುಗ್ಗುತ್ತದೆ. ಕತ್ತಲಲ್ಲಿ ಎಲ್ಲ ಲೆಕ್ಕವೂ ನಷ್ಟದ ಕಡೆಗೇ ವಾಲುತ್ತದೆ, ಆ ಹೊತ್ತಿನ ತೀರ್ಮಾನಗಳಿಗೆ ಬೆಲೆ ಕೊಡಬೇಡಿ.

ಎಚ್ಚರವಾದಾಗ ಗಡಿಯಾರ ನೋಡಬೇಡಿ. ಹೊತ್ತು ತಿಳಿದ ಕೂಡಲೇ ‘ಇನ್ನು ಎಷ್ಟು ಗಂಟೆ ನಿದ್ದೆ ಉಳಿದಿದೆ’ ಎಂಬ ಹೊಸ ಲೆಕ್ಕ ಶುರುವಾಗುತ್ತದೆ. ಸುಮಾರು 20 ನಿಮಿಷ ಕಳೆದರೂ ನಿದ್ದೆ ಹತ್ತಲಿಲ್ಲ ಅನ್ನಿಸಿದರೆ ಎದ್ದು ಇನ್ನೊಂದು ಕಡೆ ಮಂದ ಬೆಳಕಿನಲ್ಲಿ ಕುಳಿತುಕೊಳ್ಳಿ. ಮೊದಲೇ ಓದಿ ಮುಗಿಸಿದ ಪುಸ್ತಕವೊಂದು ಕೈಯಲ್ಲಿರಲಿ. ಕಣ್ಣು ಎಳೆಯತೊಡಗಿದಾಗ ಮಾತ್ರ ಹಾಸಿಗೆಗೆ ಹಿಂದಿರುಗಿ. ಹಾಸಿಗೆಯಲ್ಲೇ ಹೊರಳಾಡುತ್ತ ಯೋಚಿಸಿದರೆ, ಕೆಲವೇ ವಾರಗಳಲ್ಲಿ ಹಾಸಿಗೆ ಎಂದರೆ ಯೋಚಿಸುವ ಜಾಗ ಎಂದು ಮಿದುಳು ಕಲಿತುಬಿಡುತ್ತದೆ. ಎಷ್ಟೇ ಕೆಟ್ಟ ರಾತ್ರಿಯಾದರೂ ಏಳುವ ಹೊತ್ತು ಬದಲಾಗಬಾರದು, ರಜೆಯ ದಿನವೂ ಅಷ್ಟೇ. ಮಲಗುವ ಹೊತ್ತಿಗಿಂತ ಏಳುವ ಹೊತ್ತೇ ದೇಹದ ಗಡಿಯಾರವನ್ನು ಹಿಡಿದು ನಿಲ್ಲಿಸುವ ಗೂಟ. ಎದ್ದ ಮೇಲೆ ಹೊರಗಿನ ಬೆಳಕಿನಲ್ಲಿ 20 ನಿಮಿಷ ನಡೆಯಿರಿ.

ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಕೆಲವರಲ್ಲಿ ಇನ್ನೂ ಹೆಚ್ಚು. ಸಂಜೆ 5ಕ್ಕೆ ಕುಡಿದ ಕಾಫಿಯ ಅರ್ಧಭಾಗ ರಾತ್ರಿ 10ಕ್ಕೂ ಕೆಲಸ ಮಾಡುತ್ತಿರುತ್ತದೆ. ಮಧ್ಯಾಹ್ನದ ನಂತರ ನಿಲ್ಲಿಸಿ. ನಿದ್ದೆ ಬರಲೆಂದು ಮದ್ಯದ ಮೊರೆ ಹೋಗುವವರೂ ಇದ್ದಾರೆ. ಅದು ಬೇಗ ಮಲಗಿಸುತ್ತದೆ ನಿಜ, ಆದರೆ ರಾತ್ರಿಯ ಎರಡನೆಯ ಅರ್ಧವನ್ನು ಚೂರು ಚೂರು ಮಾಡುತ್ತದೆ, ಅಂದರೆ ನಿಮ್ಮ 3 ಗಂಟೆಯನ್ನೇ ಇನ್ನಷ್ಟು ಗಟ್ಟಿ ಮಾಡುತ್ತದೆ.

ಎದೆ ಡವಗುಟ್ಟುತ್ತಿದ್ದರೆ ಉಸಿರಾಟ ನೆರವಾಗುತ್ತದೆ. 4 ಎಣಿಸುತ್ತ ಮೂಗಿನಿಂದ ಒಳಕ್ಕೆ, 6 ಎಣಿಸುತ್ತ ಹೊರಕ್ಕೆ. ಹಾಗೆ ನಿಮಿಷಕ್ಕೆ 6 ಉಸಿರು, 5 ನಿಮಿಷ. ಉಸಿರು ಹೊರಬಿಡುವಾಗ ಹೃದಯದ ಬಡಿತ ಸಹಜವಾಗಿ ಇಳಿಯುತ್ತದೆ, ಆ ಭಾಗವನ್ನು ಉದ್ದ ಮಾಡುವುದೇ ಇಲ್ಲಿನ ಗುಟ್ಟು. ತಲೆ ಹಗುರಾಗಿ ಸುತ್ತಿದಂತಾದರೆ ಎದೆ ತುಂಬ ಗಾಳಿ ಎಳೆಯುತ್ತಿದ್ದೀರಿ ಎಂದರ್ಥ. ವೇಗ ಹಾಗೆಯೇ ಇರಲಿ, ಆಳ ಕಡಿಮೆ ಮಾಡಿ.

ಚಿಂತೆಗೊಂದು ಕುರ್ಚಿ

‘ಯೋಚಿಸಬೇಡ’ ಎಂದು ಮನಸ್ಸಿಗೆ ಹೇಳಿ ಗೆದ್ದವರಿಲ್ಲ. ‘ಈಗ ಬೇಡ, ಆರು ಗಂಟೆಗೆ’ ಎಂದರೆ ಅದು ಕೇಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ವಿಧಾನವಿದು: ದಿನವೂ ಒಂದೇ ಹೊತ್ತು, ಒಂದೇ ಜಾಗ, 30 ನಿಮಿಷ. ಹಗಲಲ್ಲಿ ಚಿಂತೆ ಬಂದರೆ ಜೇಬಿನ ಚೀಟಿಯಲ್ಲಿ ಎರಡು ಪದ ಗೀಚಿ (‘ಸಾಲದ ಕಂತು’, ‘ಹೊಸ ಮ್ಯಾನೇಜರ್’), ಮತ್ತೆ ಕೈಯಲ್ಲಿನ ಕೆಲಸಕ್ಕೆ ಬನ್ನಿ. ಸಂಜೆ ಆ ಕುರ್ಚಿಯಲ್ಲಿ ಕೂತು ಚೀಟಿ ಬಿಡಿಸಿ. ಗಂಟೆ ಬಾರಿಸಿದ ಕೂಡಲೇ ಏಳಿ, ಅರ್ಧಕ್ಕೆ ನಿಂತಿದ್ದರೂ ಸರಿ. ಅರ್ಧಗಂಟೆ ಉದ್ದವೆನಿಸಿದರೆ 15 ನಿಮಿಷದಿಂದ ಆರಂಭಿಸಬಹುದು.

ಇದು ಎಡವುವುದು ಮೂರು ಕಡೆ. ಮಲಗುವ ಹೊತ್ತಿಗೆ ಇಟ್ಟುಕೊಂಡರೆ ಚಿಂತೆ ದಿಂಬಿನವರೆಗೂ ಬರುತ್ತದೆ, ಮಲಗುವುದಕ್ಕೆ ಕನಿಷ್ಠ 2 ಗಂಟೆ ಮೊದಲು ಮುಗಿದಿರಬೇಕು. ಹಾಸಿಗೆಯ ಮೇಲೋ ಊಟದ ಮೇಜಿನ ಮುಂದೋ ಕೂತರೆ ಆ ಜಾಗಕ್ಕೂ ಚಿಂತೆ ಅಂಟುತ್ತದೆ. ಮೂರನೆಯದೇ ದೊಡ್ಡದು: ಕಾಗದ ಇಲ್ಲದೆ ಬರೇ ತಲೆಯಲ್ಲಿ ಯೋಚಿಸುವುದು. ತಲೆಯಲ್ಲಿ ಯೋಚನೆ ಗಾಣದೆತ್ತಿನಂತೆ ಸುತ್ತುತ್ತದೆ, ಕಾಗದದ ಮೇಲೆ ಅದು ಸಾಲಿನಿಂದ ಸಾಲಿಗೆ ಇಳಿಯಲೇಬೇಕು.

ಕಾಗದದಲ್ಲಿ ಏನು ಬರೆಯಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ನಿಮ್ಮ ಚೀಟಿಯಲ್ಲಿ ‘ಕೆಲಸ ಹೋದರೆ?’ ಎಂದಿದೆ ಎಂದುಕೊಳ್ಳಿ. ಈ ಎರಡು ಪದಗಳ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ದಿನಾಂಕವಿಲ್ಲ, ಅಂಕಿಯಿಲ್ಲ, ಮಾಡುವವರಿಲ್ಲ. ಅದರ ಕೆಳಗೆ ಮೊದಲು ಬರೆಯಿರಿ: ಇದು ನಿಜವಾಗುತ್ತಿದೆ ಎಂದು ನನಗೆ ತಿಳಿಯುವುದು ಯಾವುದರಿಂದ? ಗಾಳಿಸುದ್ದಿ ಇಲ್ಲಿ ಲೆಕ್ಕಕ್ಕಿಲ್ಲ. ‘ನನ್ನ ಹೆಸರಿಗೆ ಪತ್ರ ಬಂದರೆ’, ‘ಮುಂದಿನ ಪಟ್ಟಿಯಲ್ಲಿ ನನ್ನ ವಿಭಾಗದ ಹೆಸರು ಇಲ್ಲದಿದ್ದರೆ’, ಇಂಥವು. ಅದರ ಕೆಳಗೆ ‘ಹಾಗಾದರೆ, ಹೀಗೆ’ ಎಂಬ ಒಂದು ಸಾಲು: ‘ಪತ್ರ ಬಂದರೆ ಅಂದೇ ಸಹಿ ಹಾಕುವುದಿಲ್ಲ, ಓದಲು ಎಷ್ಟು ದಿನ ಇದೆ ಎಂದು ಲಿಖಿತವಾಗಿ ಕೇಳುತ್ತೇನೆ, ಸಂಜೆಯೊಳಗೆ ಈ ಇಬ್ಬರಿಗೆ ಫೋನ್ ಮಾಡುತ್ತೇನೆ.’ ಆ ಇಬ್ಬರ ಹೆಸರನ್ನು ಈಗಲೇ ಬರೆಯಿರಿ. ಕೊನೆಗೆ, ಈ ವಾರ ಮಾಡಬಹುದಾದ, ಒಂದು ಗಂಟೆ ಮೀರದ ಒಂದೇ ಕೆಲಸ: ‘ಶನಿವಾರ ಬೆಳಿಗ್ಗೆ ಅರ್ಹತಾಪತ್ರ, ಅನುಭವಪತ್ರಗಳನ್ನು ಒಂದೇ ಫೋಲ್ಡರ್‌ಗೆ ಸೇರಿಸುವುದು.’ ಕೆಳಗೆ ಮುಂದಿನ ಪರಿಶೀಲನೆಯ ದಿನಾಂಕ. ಅಲ್ಲಿಗೆ ಆ ಹಾಳೆ ಮುಗಿಯಿತು. ನಾಳೆ ಅದೇ ಚಿಂತೆ ಮತ್ತೆ ಬಂದರೆ ಹೊಸ ಹಾಳೆ ತೆಗೆಯಬೇಡಿ, ಹಳೆಯದನ್ನೇ ಓದಿ, ಸೇರಿಸಲು ಹೊಸದೇನೂ ಇಲ್ಲದಿದ್ದರೆ ಮಡಚಿಡಿ.

‘ಹಾಗಾದರೆ, ಹೀಗೆ’ ಎಂಬ ಸಾಲಿನ ಬಲವನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಪರೀಕ್ಷಿಸುತ್ತ ಬಂದಿದ್ದಾರೆ. 2006ರಲ್ಲಿ ಅವರು ಮತ್ತು ಪಾಸ್ಕಲ್ ಶೀರನ್ 94 ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿದಾಗ, ‘ಮಾಡುತ್ತೇನೆ’ ಎಂಬ ಬರೀ ಸಂಕಲ್ಪಕ್ಕಿಂತ ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂದು ಹೊತ್ತುಗೊತ್ತು ಸಮೇತ ನಿಶ್ಚಯಿಸಿದವರು ಸ್ಪಷ್ಟವಾಗಿ ಮುಂದಿದ್ದರು. ಸಂಕಟದ ಗಳಿಗೆಯಲ್ಲಿ ತೀರ್ಮಾನಿಸುವ ಶಕ್ತಿಯೇ ಮೊದಲು ಕುಂದುತ್ತದೆ. ತೀರ್ಮಾನ ಮೊದಲೇ ಆಗಿದ್ದರೆ ಆ ಗಳಿಗೆಯಲ್ಲಿ ಮಾಡುವುದಷ್ಟೇ ಉಳಿಯುತ್ತದೆ. ಹಿರಿಯರ ಆರೋಗ್ಯಕ್ಕೂ ಇಂಥದೇ ಒಂದು ಹಾಳೆ ಇರಲಿ: ಯಾವ ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆ, ಔಷಧಗಳ ಪಟ್ಟಿ ಎಲ್ಲಿದೆ, ಯಾರು ಜೊತೆಗೆ ಹೋಗುವುದು, ಯಾರು ಮನೆ ನೋಡಿಕೊಳ್ಳುವುದು. ಲಕ್ಷಣಗಳನ್ನು ವೈದ್ಯರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.

ಹಣದ ಭಯಕ್ಕೂ ಒಂದು ಅಂಕಿ ಬೇಕು. ತಕ್ಷಣ ಕೈಗೆ ಸಿಗುವ ಉಳಿತಾಯವನ್ನು ತಿಂಗಳ ಅನಿವಾರ್ಯ ಖರ್ಚಿನಿಂದ ಭಾಗಿಸಿ. ಅವಧಿಗೆ ಮುನ್ನ ತೆಗೆಯಲಾಗದ ಠೇವಣಿ, ಯಾರೋ ಕೊಡಬೇಕಾದ ಬಾಕಿ ಇವನ್ನು ಸೇರಿಸಬೇಡಿ. ಖರ್ಚಿನಲ್ಲಿ ಬಾಡಿಗೆ ಅಥವಾ ಕಂತು, ದಿನಸಿ, ಔಷಧ, ಶಾಲೆಯ ಶುಲ್ಕ, ವಿಮೆ ಇವಷ್ಟೇ. ಉತ್ತರ 4.5 ಬಂತೆನ್ನಿ, ಅಂದರೆ ನಾಲ್ಕೂವರೆ ತಿಂಗಳು. ಖರ್ಚಿನಲ್ಲಿ ಹತ್ತರಲ್ಲೊಂದು ಪಾಲು ಇಳಿಸಿದರೆ ಅದೇ ಹಣ 5 ತಿಂಗಳು ಬರುತ್ತದೆ. 3ರಿಂದ 6 ತಿಂಗಳು ಸಾಮಾನ್ಯವಾಗಿ ಹೇಳುವ ಗುರಿ. ನಿಮ್ಮ ಅಂಕಿ 1 ಬಂದರೂ ಗಾಬರಿಯಾಗಬೇಡಿ. ‘ಗತಿಯೇನು’ ಎಂಬ ಪ್ರಶ್ನೆಗೆ ತುದಿಯಿಲ್ಲ, ‘ಒಂದನ್ನು ಎರಡು ಮಾಡುವುದು ಹೇಗೆ’ ಎಂಬುದಕ್ಕೆ ಇದೆ.

ಕೈಗೆ ಸಿಗುವ ಹಿಡಿತ

ನೀವು ಬರೆದದ್ದರಲ್ಲಿ ‘ನನ್ನ ಕೈಯಲ್ಲಿ ಏನೂ ಇಲ್ಲ’ ಎಂಬ ಭಾವ ಉದ್ದಕ್ಕೂ ಇದೆ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. 1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್, ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ಶಾಕ್‌ಗೆ ಒಳಗಾದ ಪ್ರಾಣಿಗಳು ಮುಂದೆ ತಪ್ಪಿಸಿಕೊಳ್ಳುವ ದಾರಿಯಿದ್ದಾಗಲೂ ಸುಮ್ಮನೆ ಬಿದ್ದಿರುವುದನ್ನು ಕಂಡರು. ಅಸಹಾಯಕತೆಯನ್ನು ಅವು ಕಲಿತಿವೆ ಎಂದರು. ಸುಮಾರು 50 ವರ್ಷಗಳ ನಂತರ, 2016ರಲ್ಲಿ, ನರವಿಜ್ಞಾನದ ಹೊಸ ಪುರಾವೆಗಳನ್ನು ಮುಂದಿಟ್ಟು ಅವರೇ ಅದನ್ನು ತಿರುಗಿಸಿ ಬರೆದರು: ದೀರ್ಘ ಸಂಕಟದಲ್ಲಿ ಕೈಚೆಲ್ಲುವುದು ಕಲಿಕೆಯಲ್ಲ, ಮಿದುಳಿನ ಹುಟ್ಟುಗುಣ. ನಾನು ಮಾಡಿದ್ದರಿಂದ ಏನೋ ಆಯಿತು ಎಂಬ ಅರಿವೇ ಕಲಿತು ಪಡೆಯುವಂಥದ್ದು. ತಾನು ಹೇಳಿದ್ದನ್ನು ಇಷ್ಟು ನೇರವಾಗಿ ತಿದ್ದಿಕೊಂಡ ಸಂಶೋಧಕರು ಅಪರೂಪ, ಮತ್ತು ಈ ತಿದ್ದುಪಡಿ ನಿಮ್ಮ ಪಾಲಿಗೆ ಒಳ್ಳೆಯ ಸುದ್ದಿ. ಹಿಡಿತದ ಅನುಭವವನ್ನು ಸಣ್ಣ ಸಣ್ಣ ಕೆಲಸಗಳಲ್ಲಿ ಮಿದುಳಿಗೆ ಉಣಿಸಬಹುದು.

ಕೆಲಸ ಸಣ್ಣದಿರಬೇಕು, ಅಂದೇ ಮುಗಿಯಬೇಕು, ಫಲ ಕಣ್ಣಿಗೆ ಕಾಣಬೇಕು. ಕೆಟ್ಟ ನಲ್ಲಿಯ ವಾಷರ್ ಬದಲಿಸುವುದು, ಬಾಕಿ ಬಿದ್ದ ಒಂದು ಅರ್ಜಿ ತುಂಬುವುದು, ಕಪಾಟಿನ ಒಂದೇ ಒಂದು ಅರೆ ಜೋಡಿಸುವುದು. ‘ಇಷ್ಟು ದೊಡ್ಡ ತಲೆಬಿಸಿಯ ನಡುವೆ ಕಪಾಟೇ?’ ಎನ್ನಬೇಡಿ. ದಿನಕ್ಕೆ ಒಂದು ಸಾಕು, ಮಾಡಿದ್ದನ್ನು ಒಂದು ಸಾಲಿನಲ್ಲಿ ಬರೆದಿಡಿ.

ಆ ಹೊಸ ಸಾಫ್ಟ್‌ವೇರ್ ವಿಷಯ. ಅದು ನಿಮ್ಮ ಕೆಲಸದ ಅರ್ಧ ಮಾಡುತ್ತಿದೆ ಎಂದಿದ್ದೀರಿ. ಮುಂದಿನ 2 ವಾರ, ದಿನಕ್ಕೆ 30 ನಿಮಿಷ, ಅದು ಎಲ್ಲಿ ತಪ್ಪುತ್ತದೆ ಎಂಬುದನ್ನೇ ಗಮನಿಸಿ ಟಿಪ್ಪಣಿ ಮಾಡಿ: ಯಾವ ಬಗೆಯ ಪ್ರಕರಣದಲ್ಲಿ ಎಡವಿತು, ಅದು ತಪ್ಪೆಂದು ನಿಮಗೆ ಹೇಗೆ ತಿಳಿಯಿತು. ಆ ‘ಹೇಗೆ ತಿಳಿಯಿತು’ ಎಂಬ ಅಂಕಣದಲ್ಲಿ ನಿಮ್ಮ 15 ವರ್ಷ ಇದೆ. ಹೊಸ ಮ್ಯಾನೇಜರ್ ಮುಂದೆ ಅನುಭವದ ಬಗ್ಗೆ ಮಾತಾಡುವುದಕ್ಕಿಂತ ಇಂಥ 20 ಟಿಪ್ಪಣಿಗಳ ಹಾಳೆ ಇಡುವುದು ಮೇಲು. ಐದು ವರ್ಷದ ಯೋಜನೆ ಈಗ ಹಾಕಬೇಡಿ, 2 ವಾರದ್ದು ಸಾಕು. ಕೆಲಸ ಬಿಡುವುದು, ಮನೆ ಮಾರುವುದು, ಊರು ಬದಲಿಸುವುದು ಇಂಥ ಹಿಂದಿರುಗಿ ಬರಲಾಗದ ನಿರ್ಧಾರಗಳನ್ನು ಹೊರಗಿನ ಗಡುವು ಇಲ್ಲದಿದ್ದರೆ ನಿದ್ದೆ ಸರಿಹೋಗುವವರೆಗೆ ಮುಂದೂಡಿ.

ಇಷ್ಟನ್ನೂ ಸೋಮವಾರದಿಂದಲೇ ಒಟ್ಟಿಗೆ ಶುರುಮಾಡಿದರೆ ಗುರುವಾರಕ್ಕೆ ಬಿಟ್ಟುಬಿಡುತ್ತೀರಿ. ಮೊದಲ ವಾರ ಏಳುವ ಹೊತ್ತು ಮತ್ತು ಸುದ್ದಿಯ ಮಿತಿ. ಎರಡನೆಯ ವಾರ ಚಿಂತೆಯ ಕುರ್ಚಿ. ಆಮೇಲೆ ಉಳಿದವು. ಫಿಲಿಪಾ ಲಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು 18ರಿಂದ 254 ದಿನದವರೆಗೆ ಬೇಕಾಗಿತ್ತು, ನಡುವಿನ ಅಂಕಿ 66. ಅಭ್ಯಾಸವಾಗಲು 21 ದಿನ ಸಾಕು ಎಂದು ಜನ ಹೇಳುವ ಮಾತನ್ನು ನಂಬಿ ನಿರಾಶರಾಗಬೇಡಿ. ಅದೇ ಅಧ್ಯಯನದಲ್ಲಿ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ ಎಂಬುದೂ ಕಂಡುಬಂತು.

ವೈದ್ಯರನ್ನು ಕಾಣಬೇಕಾದುದು ಯಾವಾಗ ಎಂಬುದನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ದಿನದ ಬಹುಪಾಲು ಮಂಕು, ಅಥವಾ ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು 2 ವಾರ ಎಡೆಬಿಡದೆ ಇದ್ದರೆ. ವಾರಕ್ಕೆ 3 ರಾತ್ರಿಯಾದರೂ ನಿದ್ದೆ ಕೆಡುವುದು 3 ತಿಂಗಳು ಮುಂದುವರಿದರೆ. ಮದ್ಯದ ಪ್ರಮಾಣ ಏರುತ್ತಿದ್ದರೆ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಕಾಯಬೇಡಿ, ಅಂದೇ ಹತ್ತಿರದವರೊಬ್ಬರಿಗೆ ಹೇಳಿ, ಅಂದೇ ವೈದ್ಯರ ಬಳಿ ಹೋಗಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಮನೆಯವರ ಮುಂದೆ ಎಲ್ಲ ಸರಿಯಿದೆ ಎಂದು ನಟಿಸುವುದು ಅವರನ್ನು ಕಾಪಾಡುವುದಿಲ್ಲ. ನಿಮ್ಮ ಮುಖ, ನಿಮ್ಮ ಮೌನ, ರಾತ್ರಿ ಆರದ ದೀಪ ಅವರಿಗೆ ಕಾಣುತ್ತವೆ. ಕಾರಣ ಗೊತ್ತಿಲ್ಲದ್ದರಿಂದ ಅವರೂ ಆ ಐವತ್ತು-ಐವತ್ತರ ಬಂಡೆಯ ಮುಂದೆ ಕೂತಿರುತ್ತಾರೆ. ಮಕ್ಕಳಿದ್ದರೆ ತಾವೇ ಏನೋ ತಪ್ಪು ಮಾಡಿದ್ದೇವೆ ಎಂದೂ ಎಣಿಸುವುದುಂಟು. ಹಾಗೆಂದು ತಲೆಯಲ್ಲಿರುವುದನ್ನೆಲ್ಲ ಅವರ ಮುಂದೆ ಸುರಿಯಬೇಕಿಲ್ಲ. ನಾಲ್ಕು ಮಾತು ಸಾಕು. ಗೊತ್ತಿರುವುದೇನು: ‘ಕಚೇರಿಯಲ್ಲಿ ಬದಲಾವಣೆ ನಡೆಯುತ್ತಿದೆ.’ ಗೊತ್ತಿಲ್ಲದ್ದೇನು: ‘ನನ್ನ ಕೆಲಸ ಏನಾಗುತ್ತದೆ ಎಂದು ಇನ್ನೂ ಹೇಳಿಲ್ಲ.’ ಬದಲಾಗದೆ ಉಳಿಯುವುದೇನು: ‘ಶಾಲೆ, ಮನೆ, ಭಾನುವಾರ ನಾವು ಒಟ್ಟಿಗಿರುವುದು ಇದ್ದಂತೆಯೇ ಇರುತ್ತದೆ.’ ಮುಂದೆ ಯಾವಾಗ ಹೇಳುತ್ತೀರಿ: ‘ಹೊಸದೇನಾದರೂ ತಿಳಿದರೆ ಅಂದೇ, ತಿಳಿಯದಿದ್ದರೂ ತಿಂಗಳ ಕೊನೆಯ ಭಾನುವಾರ.’ ಖಚಿತವಿಲ್ಲದ್ದನ್ನು ಮೂರನೆಯ ಮಾತಿಗೆ ಸೇರಿಸಬೇಡಿ, ಬಾಡಿಗೆ ಮನೆ ಬಿಡಬೇಕಾಗಬಹುದಾದರೆ ‘ಮನೆ’ ಎನ್ನಬೇಡಿ. ಆ ಕೊನೆಯ ಭಾನುವಾರ ಹೇಳಲು ಏನೂ ಇಲ್ಲದಿದ್ದರೂ ಕುಳಿತುಕೊಳ್ಳಿ, ‘ಇನ್ನೂ ಏನೂ ತಿಳಿದಿಲ್ಲ’ ಎಂದೇ ಹೇಳಿ, ಮತ್ತೆ ಮುಂದಿನ ದಿನ ಗೊತ್ತುಮಾಡಿ ಏಳಿ.